ಸೋಫಾ ಜೊತೆ ಉಚಿತ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫ್ರೇಮಿನ ಅಂಗಡಿ ಇಟ್ಟಿದ್ದ ಹೆಂಗಸನ್ನು ಎಲ್ಲರೂ ಗಾಜಕ್ಕ ಅನ್ನುತ್ತಿದ್ದರು. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಂಗಡಿಗೂ ನಡುವೆ ತುರುಕಿದಂತಿದ್ದ ಅಂಗಡಿ ಅದು. ಮಧ್ಯೆ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಅಪ್ಪನ ಕಾಲದ್ದು. ಅದನ್ನು ನೋಡಿಕೊಳ್ಳಬೇಕಾಗಿದ್ದ ಅಣ್ಣ ಒಮ್ಮೆ ಗಾಜಿನಲ್ಲಿ ಹೆಬ್ಬೆರಳು ಸೀಳಿಕೊಂಡವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹನ್ನೆರಡು ವರ್ಷದ ತಂಗಿ ಗಾಜಿನ ಕಟರ್ ಎತ್ತಿಕೊಂಡಳು. ಗೆರೆ ಎಳೆದು, ಮೇಜಿನ ಅಂಚಿಗೆ ತಂದು, ಉಸಿರು ಬಿಗಿಹಿಡಿದು ಒಂದೇ ಒತ್ತಿಗೆ ಟಕ್ಕೆಂದು ಮುರಿಯುವುದನ್ನು ಆಗಲೇ ಕಲಿತಳು. ಈಗ ಅವಳಿಗೆ ಐವತ್ತಾರು. ಬೆರಳುಗಳ ಮೇಲೆಲ್ಲ ಹಳೆಯ ಗೀರುಗಳ ಬಿಳಿ ಗೆರೆಗಳು.

ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಳತೆ ತಪ್ಪು ಹೇಳಿದವರಿಗೆ ಬೈಗುಳ. ಗಾಜಿನ ಬದಲು ಪ್ಲಾಸ್ಟಿಕ್ ಹಾಕಿ ಅಂದವರಿಗೆ ಬೈಗುಳ. ಫೋಟೊ ಮುಖದ ಮೇಲೆ ಬೆರಳಿಟ್ಟು 'ಇವರು ನಮ್ಮ ಮಾವ' ಎಂದು ತೋರಿಸಿದವರಿಗೂ ಬೈಗುಳ, ಬೆರಳಿನ ಎಣ್ಣೆ ಅಂಟುತ್ತದೆಂದು. ಆದರೂ ಜನ ಬರುತ್ತಿದ್ದರು, ಏಕೆಂದರೆ ಅವಳು ಕೂಡಿಸಿದ ಮೂಲೆಗಳಲ್ಲಿ ಇಪ್ಪತ್ತು ವರ್ಷವಾದರೂ ಬಿರುಕು ಬಿಡುತ್ತಿರಲಿಲ್ಲ. ಅವಳ ಗಂಡ ಬಸ್ ಡಿಪೊದಲ್ಲಿ ಟೈರು ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು, ತಮಾಷೆಯ ಮನುಷ್ಯ. ಸಂಜೆ ಅವಳು ಚಪ್ಪಲಿ ಬಿಡುವಾಗಲೇ ಮುಖ ನೋಡಿ, "ಇವತ್ತು ಯಾರ ಸರದಿ ಆಗಿತ್ತು?" ಎಂದು ಕೇಳುತ್ತಿದ್ದ. ಅವಳು ವಿವರವಾಗಿ ಹೇಳುತ್ತಿದ್ದಳು. ಅವನು ಅಡುಗೆ ಮಾಡುತ್ತ ಹೂಂಗುಟ್ಟುತ್ತಿದ್ದ.

ಆ ವರ್ಷ ಊರಿನ ಎರಡು ಕಾರ್ಖಾನೆಗಳು ಬಾಗಿಲು ಹಾಕಿದವು. ಅವುಗಳ ಬೆನ್ನಿಗೇ ಹೋಟೆಲು, ಬಟ್ಟೆ ಅಂಗಡಿ, ಸಲೂನು ಒಂದೊಂದಾಗಿ ಮುಚ್ಚಿದವು. ಗಾಜಕ್ಕನ ಅಂಗಡಿಗೆ ಮದುವೆ ಫೋಟೊ ಬರುವುದು ನಿಂತಿತು, ಪದವಿಯ ಸರ್ಟಿಫಿಕೇಟು ಬರುವುದು ನಿಂತಿತು. ಸತ್ತವರ ಫೋಟೊ ಮಾತ್ರ ಬರುತ್ತಿತ್ತು. ಅದೂ ಎಲ್ಲಕ್ಕಿಂತ ಸಣ್ಣ ಸೈಜಿನದು.

ಅಂಥದೊಂದು ಮಧ್ಯಾಹ್ನ ಡ್ರಾಯಿಂಗ್ ಮೇಷ್ಟ್ರು ಬಂದರು. ಹೆಗಲ ಮೇಲೆ ಹಳೆಯ ಬೆಡ್‌ಶೀಟಿನ ಗಂಟು. ಹದಿನೆಂಟು ವರ್ಷದಿಂದ ಅವರ ಚಿತ್ರಗಳಿಗೆಲ್ಲ ಫ್ರೇಮು ಹಾಕಿದವಳು ಗಾಜಕ್ಕನೇ. ಅವರು ಬರೆಯುತ್ತಿದ್ದದ್ದು ಕೆಲಸ ಮಾಡುವವರನ್ನು. ನೆಲ ಒರೆಸುವ ಹೆಂಗಸಿನ ಬೆನ್ನು, ಸೈಕಲ್ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುವ ಮುದುಕ, ಇಸ್ತ್ರಿಯವನ ಮೊಣಕೈ. ವರ್ಷಕ್ಕೆ ಒಂದೋ ಎರಡೋ ಚಿತ್ರ. ಪ್ರತಿಯೊಂದಕ್ಕೂ ಒಳ್ಳೆಯ ಮರದ ಫ್ರೇಮೇ ಬೇಕು ಅನ್ನುತ್ತಿದ್ದರು, ಸಂಬಳದಲ್ಲಿ ಉಳಿಸಿ ತಂದು ಕೊಡುತ್ತಿದ್ದರು. ಅವಳ ಬಾಯಿಂದ ಬೈಸಿಕೊಳ್ಳದ ಏಕೈಕ ಗಿರಾಕಿ ಅವರೇ ಇರಬೇಕು.

ಗಂಟು ಬಿಚ್ಚಿ ಅವರು ನೆಲ ನೋಡುತ್ತ ಹೇಳಿದರು. "ಅಕ್ಕ, ಇವುಗಳ ಫ್ರೇಮು ಬಿಚ್ಚಿ ನೀವೇ ಇಟ್ಕೊತೀರಾ? ಎಲ್ಲ ಹೊಸದರ ಹಾಗೇ ಇವೆ. ಬೇರೆಯವರಿಗೆ ಹಾಕಬಹುದು. ಏನಾದ್ರೂ ಕೊಡಿ, ನಿಮಗೆ ಸರಿ ಅನಿಸಿದ್ದು."

"ಚಿತ್ರಗಳನ್ನ ಏನ್ಮಾಡ್ತೀರಿ?"

"ಸುತ್ತಿ ಇಟ್ಕೊತೀನಿ. ಸುತ್ತಿದ್ರೆ ಜಾಸ್ತಿ ಜಾಗ ಹಿಡಿಯಲ್ಲ."

ಶಾಲೆಯವರು ಖರ್ಚು ಕಡಿಮೆ ಮಾಡುವ ನೆಪದಲ್ಲಿ ಮೊದಲು ತೆಗೆದದ್ದು ಸಂಗೀತದ ಟೀಚರನ್ನು, ಆಮೇಲೆ ಇವರನ್ನು. ನಾಲ್ಕು ತಿಂಗಳಾಗಿತ್ತು. ಅವಳಿಗೆ ಇದು ಆಗ ಗೊತ್ತಾಯಿತು.

ಗಾಜಕ್ಕ ಒಂದು ಚಿತ್ರವನ್ನು ಬೋರಲು ಹಾಕಿ ಹಿಂಭಾಗ ನೋಡಿದಳು. ತಾನು ಹೊಡೆದ ಮೊಳೆಗಳು, ತಾನು ಅಂಟಿಸಿದ ಕಂದು ಟೇಪು. ಇಕ್ಕಳ ಕೈಗೆತ್ತಿಕೊಂಡು, ಹಾಗೆಯೇ ಮೇಜಿನ ಮೇಲೆ ಕುಕ್ಕಿದಳು. ಔಷಧಿ ಅಂಗಡಿಯವನು ಇಣುಕಿ ನೋಡುವಷ್ಟು ಸದ್ದಾಯಿತು.

"ನನ್ನ ಕೈಯಾರೆ ಹೊಡೆದ ಮೊಳೆ ನನ್ನ ಕೈಯಲ್ಲೇ ಕೀಳಿಸೋಕೆ ಬಂದ್ರಾ? ಹದಿನೆಂಟು ವರ್ಷ ಬರೆದಿದೀರಿ, ಒಂದಾದ್ರೂ ಮಾರಿದೀರಾ?"

"ಯಾರೂ ಕೇಳಲಿಲ್ಲ ಅಕ್ಕ."

"ಯಾರಿಗಾದ್ರೂ ತೋರಿಸಿದ್ರಾ?"

ಮೇಷ್ಟ್ರು ಬೆಡ್‌ಶೀಟು ಮಡಿಸತೊಡಗಿದರು. ಅದು ಅವಳನ್ನು ಇನ್ನಷ್ಟು ಕೆರಳಿಸಿತು. "ಇಲ್ಲೇ ಬಿಟ್ಟು ಹೋಗಿ. ಒಂದು ಮೊಳೆನೂ ಕೀಳಲ್ಲ. ನಾನು ಮಾರ್ತೀನಿ."

ಮಾರುವುದು ಅವಳಿಗೂ ಗೊತ್ತಿರಲಿಲ್ಲ. ಅಂಗಡಿಯ ಮುಂದೆ, ಬಾಗಿಲ ಎರಡೂ ಕಡೆ ತೂಗು ಹಾಕಿದಳು. ಜನ ನಿಂತು ನೋಡಿದರು, ನಿಜ. "ಯಾರಿದು, ನಿಮ್ಮ ನೆಂಟರಾ?" ಎಂದು ಒಬ್ಬ. "ಕೆಲಸದವರ ಚಿತ್ರ ಯಾರು ಹಾಲಲ್ಲಿ ಹಾಕ್ತಾರೆ? ಹೂವು, ಹಕ್ಕಿ, ಜಲಪಾತ ಇದ್ರೆ ಹೇಳಿ" ಎಂದು ಇನ್ನೊಬ್ಬಳು. ಒಬ್ಬನಂತೂ ಇಸ್ತ್ರಿಯವನ ಚಿತ್ರವನ್ನು ಕೈಗೆತ್ತಿಕೊಂಡು ಎಲ್ಲ ಮೂಲೆ ತಡವಿ, "ಇದೇ ಫ್ರೇಮು ಖಾಲಿ ಸಿಗತ್ತಾ?" ಎಂದು ಕೇಳಿದ. ಅವನು ಓಣಿಯ ತುದಿ ಮುಟ್ಟುವವರೆಗೂ ಗಾಜಕ್ಕನ ಬಾಯಿ ನಿಲ್ಲಲಿಲ್ಲ.

ಆ ನಡುವೆ ಮೇಷ್ಟ್ರು ಒಂದು ದಿನ ಸ್ವಲ್ಪ ಗೆಲುವಾಗಿ ಬಂದರು. ಶಾಲೆಯವರು ಕರೆಸಿದ್ದರಂತೆ. ಕೆಲಸಕ್ಕಲ್ಲ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಮಕ್ಕಳು, ಮರ, ಕಾಮನಬಿಲ್ಲು ಬರೆದುಕೊಡಬೇಕಂತೆ. ಬಣ್ಣ ಅವರದು, ಕೆಲಸ ಇವರದು.

"ದುಡ್ಡೆಷ್ಟು?"

"ದುಡ್ಡಂತ ಅಲ್ಲ. ಕೆಳಗಡೆ ನನ್ನ ಹೆಸರು ಹಾಕೋಕೆ ಬಿಡ್ತಾರಂತೆ. ನೋಡಿದವರು ಯಾರಾದ್ರೂ ಕರೀಬಹುದು ಅಂತ..."

"ಸಂಬಳ ಕೊಡೋ ಯೋಗ್ಯತೆ ಇಲ್ಲ ಅಂತ ಹೊರಗೆ ಹಾಕಿದವರು, ಬಿಟ್ಟಿ ಕೆಲಸಕ್ಕೆ ಒಳಗೆ ಕರೀತಾರಾ? ನೀವು ಹೂಂ ಅಂದ್ರಾ?"

"ಯೋಚನೆ ಮಾಡಿ ಹೇಳ್ತೀನಿ ಅಂದೆ."

"ಯೋಚನೆ ಆಯ್ತು. ಆಗಲ್ಲ ಅಂತ ಹೇಳಿ" ಎಂದು ಅವಳು ಮೇಷ್ಟ್ರ ಫೋನನ್ನು ಅವರ ಕೈಗೇ ತುರುಕಿದಳು. ಅವಳ ಎದುರಿಗೇ ಅವರು ಫೋನು ಮಾಡಿ, ಮೂರು ಸಲ ಕ್ಷಮಿಸಿ ಅಂದು, ಆಗಲ್ಲ ಅಂದರು.

ಸೋಫಾ ಶೋರೂಮಿನ ವಿಷಯ ಬಂದದ್ದು ಇದಾದ ಮೇಲೆ. ದೊಡ್ಡ ರಸ್ತೆಯಲ್ಲಿ, ಗಾಜಿನ ಮುಂಭಾಗದ ಎರಡು ಮಹಡಿಯ ಅಂಗಡಿ. ಒಳಗಿನ ಗೋಡೆಗಳು ಬೋಳಾಗಿವೆ, ಒಳ್ಳೆಯ ಚಿತ್ರಗಳಿದ್ದರೆ ಸೋಫಾಗಳ ಮೇಲೆ ನೇತುಹಾಕುತ್ತೇನೆ, ಕೊಳ್ಳುವ ಶಕ್ತಿ ಇರುವವರು ಬರುವುದು ನನ್ನಲ್ಲಿಗೇ, ಮಾರಾಟವಾದರೆ ದುಡ್ಡು ನಿಮ್ಮದು ಎಂದು ಅದರ ಯಜಮಾನ ತಾನಾಗಿಯೇ ಹೇಳಿ ಕಳಿಸಿದ. ಮೆತ್ತಗಿನ ಮಾತಿನ, ಶರ್ಟಿನ ಜೇಬಲ್ಲಿ ಎರಡು ಪೆನ್ನು ಇಡುವ ಮನುಷ್ಯ. ಗಾಜಕ್ಕ ಹನ್ನೆರಡು ಚಿತ್ರ ಆರಿಸಿ, ಗಾಜು ಒರೆಸಿ, ತಾನೇ ನಿಂತು ಗೋಡೆಗೆ ಹಾಕಿಸಿದಳು. ಪ್ರತಿಯೊಂದರ ಕೆಳಗೂ ಬೆಲೆಯ ಚೀಟಿ. ಆ ಸಂಜೆ ಗಂಡ ಕೇಳಿದ ಪ್ರಶ್ನೆಗೆ "ಇವತ್ತು ಯಾರ ಸರದಿನೂ ಇಲ್ಲ" ಅಂದಳಂತೆ. ಹುಷಾರಿಲ್ಲವೇನೋ ಎಂದು ಅವನು ಹಣೆ ಮುಟ್ಟಿ ನೋಡಿದ.

ಎರಡು ತಿಂಗಳು ಶೋರೂಮಿನಿಂದ ಸುದ್ದಿಯಿಲ್ಲ. ಕೇಳಿದಾಗಲೆಲ್ಲ ಯಜಮಾನ, "ಜನ ತುಂಬಾ ಮೆಚ್ಕೊತಿದಾರೆ, ಅರ್ಜೆಂಟ್ ಮಾಡಬೇಡಿ" ಅನ್ನುತ್ತಿದ್ದ.

ಆಮೇಲೊಂದು ದಿನ ಕಾರಿನಿಂದಿಳಿದ ಗಿರಾಕಿಯೊಬ್ಬ ಗಾಜಕ್ಕನ ಮೇಜಿನ ಮೇಲೆ ಒಂದು ಚಿತ್ರ ಇಟ್ಟ. ಸೈಕಲ್ ಟ್ಯೂಬಿನ ಮುದುಕ.

"ಈ ಫ್ರೇಮಿಗೆ ಬೂದು ಬಣ್ಣ ಹೊಡೆದುಕೊಡ್ತೀರಾ? ನಮ್ಮ ಸೋಫಾ ಬೂದು. ಇದು ಮ್ಯಾಚ್ ಆಗ್ತಿಲ್ಲ."

ಗಾಜಕ್ಕ ಅದನ್ನು ತಿರುಗಿಸಿ ಟೇಪು ನೋಡಿದಳು. "ಎಷ್ಟಕ್ಕೆ ತಗೊಂಡ್ರಿ?"

"ತಗೊಂಡಿಲ್ಲ. ಸೋಫಾ ಜೊತೆ ಫ್ರೀ."

ಅವಳು ಬೈಯಲಿಲ್ಲ ಎಂದು ಪಕ್ಕದ ಬೀಗ ರಿಪೇರಿಯವನು ಈಗಲೂ ಆಶ್ಚರ್ಯದಿಂದ ಹೇಳುತ್ತಾನೆ. ಬಣ್ಣ ಹೊಡೆಯಲ್ಲ, ಚಿತ್ರ ಕೊಡಲ್ಲ, ಇದು ಕೊಟ್ಟವನ ಸ್ವತ್ತಲ್ಲ ಎಂದಷ್ಟೇ ಹೇಳಿದಳು. ಗಿರಾಕಿ ಗೊಣಗಿಕೊಂಡು, ಹೇಗೂ ಪುಕ್ಕಟೆ ಬಂದದ್ದು ಎಂದು ಬಿಟ್ಟುಹೋದ. ಅವಳು ಅಂಗಡಿಯ ಷಟರ್ ಎಳೆದು ಬೀಗ ಹಾಕಿ, ಏಪ್ರನ್ನಿನಲ್ಲೇ ದೊಡ್ಡ ರಸ್ತೆಗೆ ನಡೆದಳು.

ಶೋರೂಮಿನ ಬಾಗಿಲಲ್ಲಿ ಆಳೆತ್ತರದ ಬ್ಯಾನರು ನಿಂತಿತ್ತು. 'ಮೂರು ಸೀಟಿನ ಸೋಫಾ ಕೊಂಡರೆ ಕಲಾಕೃತಿ ಉಚಿತ!' ಒಳಗಿನ ಗೋಡೆಯಲ್ಲಿ ಉಳಿದದ್ದು ಎರಡೇ ಚಿತ್ರ.

"ಯಾರನ್ನ ಕೇಳಿ ಕೊಟ್ರಿ?" ಎಂದಳು.

ಯಜಮಾನ ನಗುತ್ತಲೇ ಡ್ರಾಯರ್ ಎಳೆದು ಒಂದು ಕಾಗದ ತೆಗೆದ. "ಕೂತ್ಕೊಳಿ ಅಮ್ಮ. ಬಿಸಿನೆಸ್ ಹೇಗಿದೆ ನಿಮಗೇ ಗೊತ್ತಲ್ಲ, ಏನಾದ್ರೂ ಕೊಡದೆ ಜನ ಸೋಫಾ ಮುಟ್ಟಲ್ಲ. ಮೇಷ್ಟ್ರನ್ನ ಕರೆದು ಕೇಳಿದೆ. ಅವರೇ ಸೈನ್ ಹಾಕಿದಾರೆ, ನೋಡಿ. ಪ್ರಚಾರಕ್ಕಾಗಿ ಉಚಿತವಾಗಿ ಹಂಚಲು ಒಪ್ಪಿಗೆ ಇದೆ ಅಂತ."

ಸಹಿ ಮೇಷ್ಟ್ರದ್ದೇ. ಚಿತ್ರಗಳ ಮೂಲೆಯಲ್ಲಿ ಹಾಕುವ ಅದೇ ಸಣ್ಣ, ವಾಲಿದ ಸಹಿ.

ಗಾಜಕ್ಕ ಒಂದು ಸೋಫಾ ಹತ್ತಿದಳು. ಚಪ್ಪಲಿ ಕಾಲಲ್ಲೇ, ತಿಳಿ ಹಳದಿ ಬಟ್ಟೆಯ ಸೋಫಾ. ಯಜಮಾನ "ಅಮ್ಮಾ, ಅಮ್ಮಾ" ಎನ್ನುತ್ತಿದ್ದ ಹಾಗೆಯೇ ಒಂದು ಚಿತ್ರ ಇಳಿಸಿದಳು. ಪಕ್ಕದ ಸೋಫಾ ಹತ್ತಿ ಎರಡನೆಯದನ್ನೂ ಇಳಿಸಿದಳು. "ಕಾಗದದಲ್ಲಿ ಸೈನ್ ಇದೆ, ಸರಿ. ನಾಚಿಕೆ ಅನ್ನೋದು ಎಲ್ಲಾದ್ರೂ ಬರೆದಿದೆಯಾ ನೋಡ್ಕೊ" ಎಂದು ಎರಡನ್ನೂ ಬಗಲಲ್ಲಿಟ್ಟುಕೊಂಡು ಹೊರಟಳು.

ಮರುದಿನ ಮೇಷ್ಟ್ರು ಅಂಗಡಿಗೆ ಬಂದಾಗ ಇಬ್ಬರು ಗಿರಾಕಿಗಳಿದ್ದರು. ಅವರಿದ್ದಾರೆ ಅನ್ನುವುದನ್ನೂ ಅವಳು ನೋಡಲಿಲ್ಲ.

"ಬೆನ್ನುಮೂಳೆ ಅನ್ನೋದಿದೆಯಾ ನಿಮಗೆ? ಬೇರೆಯವರ ಬೆನ್ನು ಅಷ್ಟು ಚೆನ್ನಾಗಿ ಬರೀತೀರಿ! ನಾನಿಲ್ಲಿ ಕಂಡವರ ಹತ್ತಿರ ಬಾಯಿ ಹರ್ಕೊಂಡು ಮಾರೋಕೆ ನೋಡ್ತಿದೀನಿ, ನೀವು ಹಿಂದಿನ ಬಾಗಿಲಿಂದ ಹೋಗಿ ದಾನ ಮಾಡಿ ಬಂದಿದೀರಿ. ನನಗೊಂದು ಮಾತು ಹೇಳೋಕೆ ಏನಾಗಿತ್ತು?"

ಮೇಷ್ಟ್ರು, "ಮಾರಿಕೊಡಿ ಅಂತ ನಾನು ಕೇಳಿರಲಿಲ್ಲ ಅಕ್ಕ" ಎಂದರು. ಮೆಲ್ಲಗೆ ಹೇಳಿ, ಮೆಟ್ಟಿಲಿಳಿದು ಹೋದರು.

ಅವರು ಒಂದು ವಾರ ಬರಲಿಲ್ಲ. ಎರಡನೇ ವಾರವೂ ಬರಲಿಲ್ಲ. ಗಾಜಕ್ಕ ಆ ಎರಡು ವಾರದಲ್ಲಿ ನಾಲ್ಕು ಗಾಜು ಒಡೆದಳು. ಅವಳ ಜೀವಮಾನದಲ್ಲೇ ಅಷ್ಟು ಒಡೆದಿರಲಿಲ್ಲ.

ಮೂರನೇ ವಾರ ಮೇಷ್ಟ್ರ ಹೆಂಡತಿ ಬಂದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಅಕ್ಕ, ನೀವು ದೊಡ್ಡವರು. ಆದ್ರೂ ಹೇಳಿ ಹೋಗೋಣ ಅಂತ ಬಂದೆ. ಅವರು ಬ್ರಷ್ ಮುಟ್ಟಿ ಹದಿನೆಂಟು ದಿನ ಆಯ್ತು. ಕೆಲಸ ಹೋದಾಗಲೂ ಬಿಟ್ಟಿರಲಿಲ್ಲ. ನೀವು ಜನರ ಮುಂದೆ ಅಂದ ಮಾತಿಗೆ ಬಿಟ್ರು."

"ಸೈನ್ ಹಾಕಿದ್ದು ಯಾಕೆ ಕೇಳಮ್ಮ ಅವರನ್ನ."

"ನಾನು ಯಾಕೆ ಕೇಳ್ಲಿ, ನನಗೆ ಗೊತ್ತು. ನೀವು ಕೇಳಿದ್ರಾ? ಮೊದಲಿದ್ದ ಮನೆ ಬಿಟ್ವಿ ನಾವು, ಬಾಡಿಗೆ ಕಟ್ಟೋಕಾಗದೆ. ಈಗ ಇರೋದು ಒಂದೇ ರೂಮು. ನಾನು, ಅವರು, ಅತ್ತೆ, ನನ್ನ ಮೆಷಿನ್ನು. ಯಾರಿಗಾದ್ರೂ ಕೊಡ್ತೀನಿ ಇಲ್ಲಾ ವಾಪಸ್ ತಗೊಂಡು ಹೋಗಿ ಅಂದನಂತೆ ಆ ಸೋಫಾದವನು. ವಾಪಸ್ ತಂದ್ರೆ ಎಲ್ಲಿಡೋದು? ಅತ್ತೆ ಹಾಸಿಗೆ ಮೇಲಾ? ನಿಮ್ಮ ಅಂಗಡಿಗೆ ಮತ್ತೆ ಹೊರೆ ಹಾಕೋಕೆ ಅವರಿಗೆ ಮುಖ ಇರ್ಲಿಲ್ಲ. ಯಾರ ಮನೇಲಾದ್ರೂ ಗೋಡೆ ಮೇಲಿರ್ಲಿ ಅಂತ ಸೈನ್ ಹಾಕಿ ಬಂದು, ಊಟ ಮಾಡದೆ ಮಲಗಿದ್ರು."

ಇಷ್ಟು ದಿನ ಗಾಜಕ್ಕ ಊರ ಮೇಲೆಲ್ಲ ರೇಗಾಡಿದ್ದಳು, ಆದರೆ ಆ ಮನುಷ್ಯ ಎಲ್ಲಿ ಮಲಗುತ್ತಾನೆಂದು ಕೇಳಿರಲಿಲ್ಲ. ಅದುವರೆಗಿನ ಕೋಪವೆಲ್ಲ ಹೊರಗಿನವರ ಮೇಲೆ ಹೋಗುತ್ತಿತ್ತು, ಹಗುರಾಗುತ್ತಿತ್ತು. ಇದು ಹೋಗಲು ಜಾಗವಿಲ್ಲದೆ ಎದೆಯಲ್ಲೇ ನಿಂತಿತು.

"ಕ್ಷಮಿಸು ಅಂತ ಅವರಿಗೆ ಹೇಳು" ಎಂದಳು ಕೊನೆಗೆ.

"ನೀವೇ ಬಂದು ಹೇಳಿ" ಎಂದು ಅವಳು ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಬಿಟ್ಟಳು.

ಗಾಜಕ್ಕ ಆ ಸಂಜೆಯೇ ಹೋದಳು. ಮೇಷ್ಟ್ರು ಚಾಪೆಯ ಮೇಲೆ ಕೂತು ತಾಯಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು, "ನಾನು ಅಂದದ್ದು ತಪ್ಪು" ಎಂದಳು. ಮೇಷ್ಟ್ರು, "ಇರ್ಲಿ ಬಿಡಿ ಅಕ್ಕ" ಎಂದರು. ಆ 'ಇರ್ಲಿ ಬಿಡಿ' ಕೇಳಿ ಅವಳಿಗೆ ಮತ್ತೆ ಉರಿಯಿತು. ಎಲ್ಲದಕ್ಕೂ ಇರಲಿ ಬಿಡಿ! ಆದರೆ ಈ ಸಲ ಹಲ್ಲು ಕಚ್ಚಿ ಸುಮ್ಮನಿದ್ದಳು.

ಮಾರನೆಯ ದಿನ ಅವಳು ಶೋರೂಮಿನ ಹಿಂದಿನ ಗೋದಾಮಿಗೆ ಹೋಗಿ ವ್ಯಾನಿನ ಡ್ರೈವರನ್ನು ಹಿಡಿದಳು. ಸೋಫಾಗಳನ್ನು ಮನೆಮನೆಗೆ ಹೊತ್ತುಹಾಕಿದವನು ಅವನೇ. ಸಂಬಳ ಅರ್ಧ ಮಾಡಿದ್ದಾರೆಂದು ಅವನಿಗೂ ಯಜಮಾನನ ಮೇಲೆ ಹೊಟ್ಟೆಯುರಿ. ವಿಳಾಸ ಅವನಿಗೆ ಗೊತ್ತಿರಲಿಲ್ಲ, ಆದರೆ ಮೆಟ್ಟಿಲು ಮರೆತಿರಲಿಲ್ಲ.

"ನೀರಿನ ಟ್ಯಾಂಕ್ ಹತ್ರ ಹಳದಿ ಬಿಲ್ಡಿಂಗು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿ ನನ್ನ ಸೊಂಟ ಹೋಯ್ತು. ಪೆಟ್ರೋಲ್ ಬಂಕಿನ ಹಿಂದೆ ಒಂದು, ತಿರುಗು ಮೆಟ್ಟಿಲು. ಆ ಮನೆಯವರು ಒಂದು ಲೋಟ ನೀರೂ ಕೊಡ್ಲಿಲ್ಲ..." ಅವನು ಹೇಳುತ್ತ ಹೋದ, ಗಾಜಕ್ಕ ಫ್ರೇಮಿನ ಮರದ ಪಟ್ಟಿಗೆ ಗೆರೆ ಹಾಕುವ ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಗುರುತು ಮಾಡಿಕೊಂಡಳು. ಹತ್ತರಲ್ಲಿ ಒಂದು ಈಗಾಗಲೇ ಅವಳ ಕೈಗೆ ಬಂದಿತ್ತು. ಉಳಿದ ಒಂಬತ್ತರಲ್ಲಿ ಎಂಟು ಅವನಿಗೆ ನೆನಪಿತ್ತು.

"ಹೋಗಿ ಏನಂತ ಕೇಳ್ತೀಯ? ಸೈನ್ ಹಾಕಿದ ಕಾಗದ ಇದೆಯಲ್ಲ" ಎಂದ ಗಂಡ.

"ಕೇಳ್ತೀನಿ, ಅಷ್ಟೆ. ಬೆಲೆ ಇದು, ಬರೆದವನು ಇಂಥ ಕಡೆ ಇದಾನೆ, ಇಷ್ಟವಿದ್ರೆ ದುಡ್ಡು ಕೊಡಿ, ಇಲ್ಲದಿದ್ರೆ ಚಿತ್ರ ಕೊಡಿ ಅಂತ. ಕಾಗದ ಅವರ ಮನಸ್ಸಿಗೆ ಅಡ್ಡ ಬಂದ್ರೆ ಬರ್ಲಿ."

ಮೊದಲ ಮನೆಯಲ್ಲಿ ಬಾಗಿಲ ಸರಪಳಿಯನ್ನೇ ತೆಗೆಯಲಿಲ್ಲ. ಸಂದಿಯಿಂದ ಒಂದು ಕಣ್ಣು, "ಫ್ರೀ ಅಂತ ಬ್ಯಾನರಲ್ಲೇ ಇತ್ತು, ಹೋಗಿ ಅವನನ್ನ ಕೇಳಿ" ಅಂದಿತು. ಬಾಗಿಲು ಬಿತ್ತು. ಎರಡನೇ ಮನೆಯಲ್ಲಿ ಚಿತ್ರ ಬಾಲ್ಕನಿಯಲ್ಲಿತ್ತು, ವಾಷಿಂಗ್ ಮೆಷಿನ್ನಿನ ಹಿಂದೆ ಪಾರಿವಾಳ ನುಗ್ಗದಂತೆ ಅಡ್ಡ ನಿಲ್ಲಿಸಿದ್ದರು. ಇಸ್ತ್ರಿಯವನ ಮೊಣಕೈ ಮೇಲೆಲ್ಲ ಹಿಕ್ಕೆ. ಗಾಜಕ್ಕ ಮಾತಾಡದೆ ಎತ್ತಿಕೊಂಡಳು. ಮನೆಯವನು, "ಹಾಗಾದ್ರೆ ಅಲ್ಲಿಗೆ ಏನು ಅಡ್ಡ ಇಡೋದು?" ಎಂದು ಕೇಳಿದ. ಅವನಿಗೆ ಉತ್ತರ ಸಿಕ್ಕಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೂರನೆಯದು ಹಳದಿ ಬಿಲ್ಡಿಂಗಿನ ಮನೆ. ಬಾಗಿಲು ತೆರೆದವಳು ಬಸುರಿ ಹುಡುಗಿ. ಹಾಲಿನಲ್ಲಿ ಸೋಫಾ ಇರಲಿಲ್ಲ, ಅದರ ಕಾಲುಗಳು ನೆಲದಲ್ಲಿ ಬಿಟ್ಟ ನಾಲ್ಕು ಗುರುತುಗಳಿದ್ದವು. ಗಂಡನ ಕೆಲಸ ಹೋಯಿತು, ಕಂತು ಕಟ್ಟಲಿಲ್ಲವೆಂದು ಸೋಫಾ ಹೊತ್ತುಕೊಂಡು ಹೋದರು ಅಂದಳು. ಗೋಡೆಯಲ್ಲಿ ನೆಲ ಒರೆಸುವ ಹೆಂಗಸಿನ ಚಿತ್ರ ಮಾತ್ರ ಉಳಿದಿತ್ತು. ಅದನ್ನು ಅವರು ಯಾಕೋ ಮರೆತಿದ್ದರು.

"ತಗೊಂಡು ಹೋಗಿ ಆಂಟಿ. ನಮ್ಮ ಹತ್ರ ಕೊಡೋಕೆ ಏನೂ ಇಲ್ಲ" ಎಂದು ಹುಡುಗಿ ಸ್ಟೂಲು ಎಳೆದು ಹತ್ತಲು ಹೋದಳು.

"ಇಳಿ ಕೆಳಗೆ! ಈ ಸ್ಥಿತೀಲಿ ಸ್ಟೂಲು ಹತ್ತುತಾಳಂತೆ! ಅಲ್ಲೇ ಇರ್ಲಿ ಅದು" ಎಂದು ಗಾಜಕ್ಕ ಗದರಿ, ಮೂರು ಮಹಡಿ ದಡದಡ ಇಳಿದು ಬಂದಳು. ಕೆಳಗೆ ನಿಂತು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ನಿಂತಿದ್ದ ಒಂದು ಸ್ಕೂಟರಿನ ಟೈರಿಗೆ ಒದ್ದಳು.

ಪೆಟ್ರೋಲ್ ಬಂಕಿನ ಹಿಂದಿನದು ಮನೆಯಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಕಾಯುವ ಕೋಣೆಯಲ್ಲಿ ಸೋಫಾ, ಅದರ ಎದುರು ಗೋಡೆಗೆ ಚಿತ್ರ. ಸೂಜಿಗೆ ದಾರ ಪೋಣಿಸುತ್ತ ಒಂದು ಕಣ್ಣು ಮುಚ್ಚಿದ ಮುದುಕಿ. ದವಡೆ ಹಿಡಿದುಕೊಂಡು ಕೂತಿದ್ದ ಮೂವರೂ ಅದನ್ನೇ ನೋಡುತ್ತಿದ್ದರು. ಡಾಕ್ಟರು ಗಟ್ಟಿ ಗಂಟಲಿನ ನಡುವಯಸ್ಸಿನ ಹೆಂಗಸು. ಗಾಜಕ್ಕ ಬಂದ ವಿಷಯ ಕೇಳಿ ಗ್ಲೌಸು ತೆಗೆಯುತ್ತ ಹೊರಬಂದಳು.

"ಬರೆದವರು ಬದುಕಿದಾರಾ? ಸೋಫಾದವನನ್ನ ಕೇಳಿದ್ರೆ ಯಾರೋ ತೀರಿಹೋದವರು ಅಂದ."

"ತೀರಿಹೋದವರು!" ಗಾಜಕ್ಕನ ದನಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಎದ್ದೇ ನಿಂತ. "ಬದುಕಿದಾರೆ. ಒಂದು ರೂಮಲ್ಲಿ ಬದುಕಿದಾರೆ."

"ಹಾಗಾದ್ರೆ ಕೂಗಬೇಡಿ, ಬೆಲೆ ಹೇಳಿ. ಇದು ಬಂದ ಮೇಲೆ ನನ್ನ ಪೇಷೆಂಟುಗಳು ಒಳಗಿನ ಕಿರುಚಾಟ ಕೇಳಿಸ್ಕೊಳ್ಳಲ್ಲ. ಆ ದಾರ ಒಳಗೆ ಹೋಗತ್ತಾ ಇಲ್ವಾ ಅಂತ ನೋಡ್ತಾ ಕೂರ್ತಾರೆ."

ಕೋಪದಲ್ಲಿ ಗಾಜಕ್ಕ ಚೀಟಿಯಲ್ಲಿದ್ದದ್ದಕ್ಕೆ ಎರಡರಷ್ಟು ಹೇಳಿಬಿಟ್ಟಳು. ಡಾಕ್ಟರು ಒಳಗೆ ಹೋಗಿ ಅಷ್ಟನ್ನೂ ತಂದು ಕೊಟ್ಟಳು. ತನ್ನ ತಂಗಿಯ ಕ್ಲಿನಿಕ್ಕಿಗೆ ಇನ್ನೆರಡು ಬೇಕು, ಮೇಷ್ಟ್ರನ್ನೇ ಕಳಿಸಿ ಎಂದಳು. ಹದಿನೆಂಟು ವರ್ಷಗಳಲ್ಲಿ ಮಾರಾಟವಾದ ಮೊದಲ ಚಿತ್ರ ಅದು. ಗಾಜಕ್ಕನಿಗೆ ಸಂತೋಷಪಡುವುದು ಹೇಗೆಂದು ತಿಳಿಯಲಿಲ್ಲ. ರಸ್ತೆಗೆ ಬಂದು, "ತೀರಿಹೋದವರಂತೆ" ಎಂದು ಇನ್ನೊಂದು ಸಲ ಬೈದುಕೊಂಡಳು.

ಆ ದುಡ್ಡನ್ನು ಮೇಷ್ಟ್ರು ಎರಡು ಸಲ ಎಣಿಸಿ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ, "ಎಲ್ಲಿ ನೇತು ಹಾಕಿದಾರೆ? ಬೆಳಕು ಬೀಳತ್ತಾ?" ಎಂದು ಕೇಳಿದರು. ಮರುದಿನ ಅವರೂ ಜೊತೆಗೆ ಹೊರಟರು.

ಆ ವಾರದಲ್ಲಿ ಮೂರು ಮನೆ ಮುಗಿದವು. ಒಬ್ಬರು ಚೌಕಾಶಿ ಮಾಡಿ ಕೊಟ್ಟರು. ಇಬ್ಬರು ತಪ್ಪಾಯಿತು ಎಂದು ಚಿತ್ರವನ್ನೇ ಇಳಿಸಿ ಕೊಟ್ಟರು. ಕಟ್ಟಕಡೆಗೆ ಉಳಿದದ್ದು ಗೇಟಿನಲ್ಲಿ ಕಾವಲುಗಾರನಿದ್ದ ದೊಡ್ಡ ಮನೆ. ಆ ಮನೆಯವನು ಗುತ್ತಿಗೆದಾರ. ಒಳಗೆ ಕೂರಿಸಿದ, ಚಹಾ ಕೂಡ ತರಿಸಿದ. ಗೋಡೆಯಲ್ಲಿ ಗಾಜಕ್ಕ ಹಾಕಿದ ಫ್ರೇಮು, ಹನ್ನೆರಡರಲ್ಲೇ ಎಲ್ಲಕ್ಕಿಂತ ದೊಡ್ಡದು, ಎದ್ದು ಕಾಣುತ್ತಿತ್ತು. ಅದರೊಳಗೆ ಅವನದೇ ಫೋಟೊ. ಯಾರೋ ದೊಡ್ಡ ಮನುಷ್ಯನ ಕೈಕುಲುಕುತ್ತ ನಗುತ್ತಿದ್ದ.

"ಇದರೊಳಗಿದ್ದ ಚಿತ್ರ?" ಎಂದರು ಮೇಷ್ಟ್ರು.

"ಓ, ಅದಾ? ಅದರಲ್ಲೇ ಇದೆ. ಫೋಟೊ ತೆಳುವಾಗಿ ಸುಕ್ಕು ಬೀಳ್ತಿತ್ತು. ಹಿಂದೆ ಆಸರೆಗೆ ಇರ್ಲಿ ಅಂತ ಅದನ್ನ ಹಾಗೇ ಬಿಟ್ಟು, ಮೇಲೆ ಅಂಟಿಸಿಬಿಟ್ವಿ. ಫ್ರೇಮು ಮಾತ್ರ ಫಸ್ಟ್ ಕ್ಲಾಸ್."

ಗಾಜಕ್ಕ ಬಾಯಿ ತೆರೆದಳು. ಆದರೆ ಅವಳಿಗಿಂತ ಮುಂಚೆ ಮೇಷ್ಟ್ರು ಎದ್ದು ನಿಂತಿದ್ದರು. ಚಹಾದ ಲೋಟ ಉರುಳಿ ನೆಲದ ಮೇಲೆ ಹರಿಯಿತು. ಅವರು ಅದನ್ನು ನೋಡಲಿಲ್ಲ.

"ಅದು ನನ್ನ ಹೆಂಡತಿ!" ಆ ದನಿ ಮೇಷ್ಟ್ರದ್ದೆಂದು ಗಾಜಕ್ಕನಿಗೇ ನಂಬಿಕೆಯಾಗಲಿಲ್ಲ. "ಮೆಷಿನ್ ಮುಂದೆ ಕೂತಿರೋದು ನನ್ನ ಹೆಂಡತಿ! ಅದನ್ನ ಬರೆಯೋಕೆ ಒಂದೂವರೆ ತಿಂಗಳು ತಗೊಂಡೆ. ಅವಳ ಮುಖಕ್ಕೆ ಅಂಟು ಬಳಿದು ನಿಮ್ಮ ಹಲ್ಲು ಕಿರಿಯೋ ಫೋಟೊ ಮೆತ್ತಿದೀರಾ? ಯಾರು ನೀವು? ಇಳಿಸಿ ಅದನ್ನ. ಈಗಲೇ ಇಳಿಸಿ!"

"ಏನ್ರೀ ಇದು, ಫ್ರೀಯಾಗಿ ಬಂದಿದ್ದಕ್ಕೆ..."

"ಫ್ರೀ ಅಂದ್ರೆ ನಾಲಗೆ ಕೀಳ್ತೀನಿ!"

ಕಾವಲುಗಾರ ಒಳಗೋಡಿ ಬಂದ. ಗುತ್ತಿಗೆದಾರ ಬೆವರು ಒರೆಸಿಕೊಂಡು, ಕೊಟ್ಟು ಕಳಿಸು ಮಾರಾಯ ಎಂದು ಸನ್ನೆ ಮಾಡಿದ. ಗಾಜಕ್ಕ ಚೀಲದಿಂದ ಇಕ್ಕಳ ತೆಗೆದು, ಫ್ರೇಮನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಮೊಳೆ ಕಿತ್ತಳು. ಅಂಟು ಅಂಚುಗಳಲ್ಲಷ್ಟೇ ಇತ್ತು. ಫೋಟೊ ಎಳೆದಾಗ ಚಿತ್ರದ ಒಂದು ಬದಿ, ಹೊಲಿಗೆ ಮೆಷಿನ್ನಿನ ಚಕ್ರದ ಹತ್ತಿರ, ಬಣ್ಣ ಕಿತ್ತುಬಂತು. ಮುಖ ಉಳಿದಿತ್ತು. ಮೇಷ್ಟ್ರು ಅದನ್ನು ಎದೆಗೊತ್ತಿ ಹಿಡಿದು ಹೊರಬಂದರು. ಗೇಟು ದಾಟಿದ ಮೇಲೆ ನಿಂತು ಕೇಳಿದರು.

"ಅಕ್ಕ, ನಾನು ಜಾಸ್ತಿ ಮಾತಾಡಿದ್ನಾ?"

"ಕಡಿಮೆಯಾಯ್ತು" ಎಂದಳು ಗಾಜಕ್ಕ.

ಅದಾದ ತಿಂಗಳಲ್ಲೇ ಶೋರೂಮಿನ ಯಜಮಾನನ ಫೋನು ಬಂತು. ಗಿರಾಕಿಗಳು ಆ ಚಿತ್ರಗಳನ್ನು ಕೇಳುತ್ತಿದ್ದಾರೆ, ಈ ಸಲ ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಎಂದ. ಕುತ್ತಿಗೆ ಹಿಚುಕಿದರೂ ಅವನಿಗೆ ಕೊಡಬೇಡಿ ಎಂದಳು ಗಾಜಕ್ಕ. ಮೇಷ್ಟ್ರಿಗೂ ಮನಸ್ಸಿರಲಿಲ್ಲ. ಆದರೆ ಮೇಷ್ಟ್ರ ಹೆಂಡತಿ ಒಪ್ಪಲಿಲ್ಲ. "ನಿಮ್ಮಿಬ್ಬರ ಸಿಟ್ಟು ಬಾಡಿಗೆ ಕಟ್ಟಲ್ಲ" ಎಂದು ತಾನೇ ಹೋದಳು. ದುಡ್ಡು ಮೊದಲು, ಚಿತ್ರ ಆಮೇಲೆ, ಯಾರಿಗೆ ಮಾರಿದರೂ ಬರೆದವರ ಹೆಸರು, ಫೋನ್ ನಂಬರು ಹಿಂದೆ ಇರಬೇಕು ಎಂದು ತಾನೇ ಕಾಗದ ಬರೆದು ಅವನ ಸಹಿ ಹಾಕಿಸಿಕೊಂಡು ಬಂದಳು. ಗಾಜಕ್ಕ ಎರಡು ದಿನ ಅವಳೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಆ ಕಾಗದವನ್ನು ತರಿಸಿ ಓದಿ, "ಪರವಾಗಿಲ್ಲ" ಎಂದಳು. ಅಷ್ಟು ದೊಡ್ಡ ಹೊಗಳಿಕೆ ಅವಳ ಬಾಯಿಂದ ಯಾರಿಗೂ ಬಂದದ್ದಿಲ್ಲ ಎಂದು ಅವಳ ಗಂಡ ಸಾಕ್ಷಿ ಹೇಳಿದ.

ಆ ಯಜಮಾನ ನಾಲ್ಕು ಚಿತ್ರ ಕೊಂಡ. ಆಮೇಲೆ ಅವನೂ ಅಂಗಡಿ ಮುಚ್ಚಿದ. ವ್ಯಾನಿನ ಡ್ರೈವರ್ ಬೇರೆ ಊರಿಗೆ ಹೋದ. ಕಾಲ ಏನೂ ಸುಧಾರಿಸಲಿಲ್ಲ. ಮೇಷ್ಟ್ರಿಗೆ ಶಾಲೆಯ ಕೆಲಸ ಮತ್ತೆ ಸಿಗಲಿಲ್ಲ, ಶ್ರೀಮಂತರೇನೂ ಆಗಲಿಲ್ಲ. ಹಲ್ಲಿನ ಡಾಕ್ಟರಿಂದ ಕಣ್ಣಿನ ಡಾಕ್ಟರು, ಅಲ್ಲಿಂದ ವಕೀಲರ ಆಫೀಸು, ಹೀಗೆ ಜನ ಕಾದು ಕೂರುವ ಕಡೆಗಳಲ್ಲೆಲ್ಲ ಅವರ ಚಿತ್ರಗಳು ಒಂದೊಂದಾಗಿ ಗೋಡೆ ಹತ್ತಿದವು. ಒಂದು ರೂಮು ಬಿಟ್ಟು ಎರಡು ರೂಮಿನ ಮನೆಗೆ ಹೋದರು. ಯಾರಾದರೂ ಬಿಟ್ಟಿ ಕೆಲಸ ಕೇಳಿದರೆ ಅವರು ಈಗ ಕ್ಷಮಿಸಿ ಅನ್ನುವುದಿಲ್ಲ.

ಹತ್ತು ಚಿತ್ರಗಳಲ್ಲಿ ಡ್ರೈವರಿಗೆ ನೆನಪಾಗದ ಒಂದು ಮಾತ್ರ ಎಲ್ಲಿದೆಯೆಂದು ಪತ್ತೆಯಾಗಲಿಲ್ಲ. ಮಾರ್ಕೆಟ್ಟಿನ ಹಮಾಲಿಯೊಬ್ಬ ಮೂಟೆಯ ಕೆಳಗೆ ಬಾಗಿ, ಬೆವರು ಕಣ್ಣಿಗಿಳಿಯದಂತೆ ಹುಬ್ಬು ಗಂಟಿಕ್ಕಿದ ಚಿತ್ರ ಅದು. ಗಾಜಕ್ಕ ಈಗಲೂ ಯಾವುದೇ ಬೀದಿಯಲ್ಲಿ ನಡೆದು ಹೋಗುವಾಗ ತೆರೆದ ಕಿಟಕಿ ಕಂಡರೆ ನಿಂತು, ಕತ್ತು ಚಾಚಿ ಒಳಗಿನ ಗೋಡೆ ನೋಡುತ್ತಾಳೆ. ಯಾರು ನೀವು, ಏನು ನೋಡ್ತಿದೀರಿ ಎಂದು ಮನೆಯವರು ರೇಗುತ್ತಾರೆ. ಅವಳೂ ತಿರುಗಿ ರೇಗುತ್ತಾಳೆ.